ಮನೆಯಲ್ಲಿ ಕಟ್ಟಿದ ಕಾರಿಗೆ ನಂಬರು ಕೊಡುವವರಾರು?

ತುಮಕೂರು ರಸ್ತೆಯಲ್ಲಿ ನೆಲಮಂಗಲದ ಆಸುಪಾಸಿನಲ್ಲಿ ಬಸ್ಸಿನ ಅಥವಾ ಲಾರಿಯ ಬರಿಯ ಚಾಸಿಯನ್ನು ಓಡಿಸಿಕೊಂಡು ಹೋಗುವುದನ್ನು ನೀವು ನೋಡಿರಬಹುದು. ಈಗ ಮೊದಲಿನಷ್ಟು ಕಾಣಸಿಗುವುದಿಲ್ಲ. ಮುಂದೆ ಎಂಜಿನ್, ಅಲ್ಲಿಂದ ಹಿಂದಕ್ಕೆ ಉದ್ದನೆಯ ಎರಡು ಕಬ್ಬಿಣದ ತೊಲೆ, ಕೆಳಗೆ ಚಕ್ರ, ಒಂದು ಸ್ಟೀರಿಂಗ್, ಅಷ್ಟೆ. ಬಾಗಿಲಿಲ್ಲ, ಚಾವಣಿಯಿಲ್ಲ, ಮುಂದಿನ ಗಾಜೂ ಇಲ್ಲ. ಹಲಗೆಯಂಥ ಆಸನದ ಮೇಲೆ ಕುಳಿತ ಚಾಲಕ ತಲೆಗೂ ಮುಖಕ್ಕೂ ಟವೆಲ್ ಸುತ್ತಿಕೊಂಡು, ಧೂಳು ಗಾಳಿಗೆ ಎದೆಯೊಡ್ಡಿ, ಬಾಡಿ ಕಟ್ಟುವ ಶೆಡ್ಡಿನ ಕಡೆಗೆ ಹೊರಟಿರುತ್ತಾನೆ. ರಸ್ತೆ ಬದಿಯ ಹುಡುಗರಿಗೆ ಅದು ದೊಡ್ಡ ತಮಾಷೆ. ಅವರು ಕೈಬೀಸುತ್ತಾರೆ, ಆತನೂ ಒಮ್ಮೊಮ್ಮೆ ಹಾರ್ನ್ ಬಾರಿಸುತ್ತಾನೆ.

ಈ ಚಿತ್ರವನ್ನೇ ಕುಗ್ಗಿಸಿ ಕಾರಿನ ಅಳತೆಗೆ ತನ್ನಿ. ತೊಲೆಗಳ ಮೇಲೆ ಎರಡು ತಗ್ಗು ಆಸನ ಕೂರಿಸಿ, ಅವುಗಳ ಬೆನ್ನಿಗೆ ದುಂಡನೆಯ ಪೆಟ್ರೋಲ್ ಡ್ರಮ್ಮನ್ನು ಅಡ್ಡಲಾಗಿ ಬಿಗಿಯಿರಿ. ಬಾನೆಟ್ಟಿಗೆ ಒಂದು ಚರ್ಮದ ಪಟ್ಟಿ ಕಟ್ಟಿ. ಚಾಲಕನ ಮುಖದ ಮುಂದೆ ಮಾತ್ರ ತಟ್ಟೆಯಗಲದ ಒಂದು ದುಂಡು ಗಾಜು ನಿಲ್ಲಿಸಿ. ಮೋಟಾರು ಚರಿತ್ರೆಯಲ್ಲಿ ‘ಸ್ಪೀಡ್‌ಸ್ಟರ್’ ಎಂದು ಹೆಸರಾದ ಗಾಡಿ ಇದೇ. ಹೆಸರೇ ಹೇಳುವಂತೆ ವೇಗಕ್ಕಾಗಿ ಹುಟ್ಟಿದ್ದು. ಬೇಡದ ಭಾರವನ್ನೆಲ್ಲ ಕಿತ್ತೆಸೆದರೆ ಅದೇ ಎಂಜಿನ್ ಹೆಚ್ಚು ಜೋರಾಗಿ ಓಡುತ್ತದೆ ಎಂಬ ಸರಳ ಲೆಕ್ಕದ ಮೇಲೆ ನಿಂತದ್ದು.

ಇಂಥ ಗಾಡಿಯನ್ನು ಮನೆಯ ಶೆಡ್ಡಿನಲ್ಲಿ ತಾವೇ ಕಟ್ಟಬೇಕೆನ್ನುವ ಹುಚ್ಚು ಜಗತ್ತಿನ ಬಹಳ ಕಡೆ ಇದೆ. ನಮ್ಮಲ್ಲೂ ಇದೆ. ಬೆಂಗಳೂರು ಮತ್ತು ಅದರ ಸುತ್ತಲಿನ ತಾಲ್ಲೂಕುಗಳಲ್ಲಿ ಅದಕ್ಕೆ ಬೇಕಾದ ಸಾಮಾನಿಗೆ ಕೊರತೆಯಿಲ್ಲ, ಕೈಕಸುಬಿಗಂತೂ ಮೊದಲೇ ಇಲ್ಲ. ತೊಡಕು ಬರುವುದು ಕೊನೆಯ ಹಂತದಲ್ಲಿ. ಗಾಡಿ ಸಿದ್ಧವಾಗಿ ಗೇಟಿನ ಬಳಿ ಬಂದು ನಿಂತಾಗ ಅದಕ್ಕೆ ದೇವನಹಳ್ಳಿಯ ಕೆಎ-43 ಆಗಲಿ, ನೆಲಮಂಗಲದ ಕೆಎ-52 ಆಗಲಿ ಯಾವ ನಂಬರೂ ಸಿಗುವ ದಾರಿ ಕಾಣುವುದಿಲ್ಲ. ಇದು ಇಂದಿನ ಕಾಯಿದೆಯಿಂದಷ್ಟೇ ಹುಟ್ಟಿದ ತೊಡಕು ಎಂದುಕೊಳ್ಳಬೇಡಿ. ಈ ನಾಡಿನಲ್ಲಿ ಕಾರು ಮಾಡಲು ಹೊರಟವರ ಕಥೆ ಸುಮಾರು ತೊಂಬತ್ತು ವರ್ಷಗಳಿಂದ ಅನುಮತಿಯ ಬಾಗಿಲಲ್ಲೇ ಮುಗ್ಗರಿಸಿಕೊಂಡು ಬಂದಿದೆ.

ಗೋಡೆ ಒಡೆದು ಹೊರಬಂದ ಗಾಡಿ

ಮೊದಮೊದಲು ಕಾರೆಂದರೆ ಮನೆಯಲ್ಲಿ ಮಾಡಿದ್ದೇ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ವಿದ್ಯುತ್ ಕಂಪನಿಯೊಂದರ ಎಂಜಿನಿಯರ್ ಆಗಿದ್ದ ಹೆನ್ರಿ ಫೋರ್ಡ್ ತನ್ನ ಮೊದಲ ಗಾಡಿಯನ್ನು ಕಟ್ಟಿದ್ದು ಬಾಡಿಗೆ ಮನೆಯ ಹಿತ್ತಲ ಶೆಡ್ಡಿನಲ್ಲಿ. ಸೈಕಲ್ ಗಾಲಿಯಂಥ ನಾಲ್ಕು ಗಾಲಿ, ಎರಡು ಸಿಲಿಂಡರಿನ ಎಂಜಿನ್, ಎರಡೇ ಗೇರು. ಹಿಂದಕ್ಕೆ ಹೋಗುವ ಗೇರು ಇಲ್ಲವೇ ಇಲ್ಲ. 1896ರ ಜೂನ್ 4ರ ನಸುಕಿನಲ್ಲಿ ಗಾಡಿಯನ್ನು ಹೊರತೆಗೆಯಲು ಹೋದಾಗ ಶೆಡ್ಡಿನ ಬಾಗಿಲು ಅದಕ್ಕಿಂತ ಕಿರಿದಾಗಿತ್ತು. ಫೋರ್ಡ್ ಕೊಡಲಿ ತೆಗೆದುಕೊಂಡು ಇಟ್ಟಿಗೆ ಗೋಡೆಯನ್ನೇ ಒಡೆದ. ನಂಬರು, ಪರವಾನಗಿ ಯಾವುದನ್ನೂ ಆತನನ್ನು ಯಾರೂ ಕೇಳಲಿಲ್ಲ. ಕೇಳುವ ಕಚೇರಿಯೇ ಆಗ ಹುಟ್ಟಿರಲಿಲ್ಲ.

ಹನ್ನೆರಡು ವರ್ಷಗಳ ನಂತರ, 1908ರಲ್ಲಿ, ಅದೇ ಫೋರ್ಡ್ ‘ಟಿ ಮಾದರಿ’ಯನ್ನು ಹೊರತಂದ. 1927ರವರೆಗೆ ಅಂಥ ಒಂದೂವರೆ ಕೋಟಿ ಕಾರುಗಳು ತಯಾರಾದವು. 2.9 ಲೀಟರ್ ಎಂಜಿನ್ ಇದ್ದರೂ ಶಕ್ತಿ 20 ಕುದುರೆಯಷ್ಟೇ, ವೇಗ ಗಂಟೆಗೆ 40-45 ಮೈಲಿ. ಆ ಹೊತ್ತಿಗೆ ಅಮೆರಿಕದ ಸಿರಿವಂತ ಯುವಕರು ಮರ್ಸರ್ ರೇಸ್‌ಅಬೌಟ್, ಸ್ಟಟ್ಸ್ ಬೇರ್‌ಕ್ಯಾಟ್ ಎಂಬ ಬಾಗಿಲಿಲ್ಲದ ಓಟದ ಕಾರುಗಳನ್ನು 2,000 ಡಾಲರಿಗಿಂತ ಹೆಚ್ಚು ಕೊಟ್ಟು ಕೊಳ್ಳುತ್ತಿದ್ದರು. ಟಿ ಮಾದರಿಯ ಬೆಲೆಯಾದರೋ 850 ಡಾಲರಿನಿಂದ ಇಳಿಯುತ್ತ 1920ರ ದಶಕದ ಮಧ್ಯದಲ್ಲಿ 300 ಡಾಲರಿಗೂ ಕೆಳಗೆ ಬಂದಿತ್ತು. ಹಳೆಯದಂತೂ ಇನ್ನೂ ಅಗ್ಗ. ಕೈಯಲ್ಲಿ ಕಾಸಿಲ್ಲದ ಹುಡುಗರು ಅದನ್ನು ತಂದು ಬಾಡಿ ಕಳಚಿ, ಸ್ಟೀರಿಂಗ್ ದಂಡವನ್ನು ಬಾಗಿಸಿ, ಎರಡು ಆಸನ ಜೋಡಿಸಿ ತಮ್ಮದೇ ಸ್ಪೀಡ್‌ಸ್ಟರ್ ಮಾಡಿಕೊಂಡರು. ಇದಕ್ಕೆಂದೇ ಬಿಡಿಭಾಗ ಮಾರುವ ಸಣ್ಣ ಕಂಪನಿಗಳು ಹುಟ್ಟಿಕೊಂಡವು. ಷೆವ್ರೊಲೆ ಸಹೋದರರು ಫ್ರಾಂಟೆನಾಕ್ ಎಂಬ ಹೆಸರಿನಲ್ಲಿ ಟಿ ಎಂಜಿನ್ನಿಗೆ ಹೊಸ ಸಿಲಿಂಡರ್ ಹೆಡ್ ಮಾಡಿ ಮಾರಿದರು. ಅಂಥ ಹೆಡ್ ಹೊತ್ತ ಫೋರ್ಡ್ ಕಾರೊಂದು 1923ರ ಇಂಡಿಯಾನಾಪೊಲಿಸ್ 500 ಮೈಲಿ ಸ್ಪರ್ಧೆಯಲ್ಲಿ ಐದನೇ ಸ್ಥಾನ ಪಡೆಯಿತು.

ಇಂಗ್ಲೆಂಡಿನಲ್ಲಿ ಇದೇ ಕೆಲಸಕ್ಕೆ ಒದಗಿದ್ದು 1922ರಲ್ಲಿ ಬಂದ ಪುಟ್ಟ ಆಸ್ಟಿನ್ ಸೆವೆನ್. ಕಾಲಿನ್ ಚಾಪ್ಮನ್ ಎಂಬ ವಿದ್ಯಾರ್ಥಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಗೆಳತಿಯ ತಂದೆಯ ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ ಕಟ್ಟಿದ. 1948ರ ಆ ಗಾಡಿಯೇ ಮೊದಲ ಲೋಟಸ್. ಫಾರ್ಮುಲಾ ಒನ್ ಪ್ರಶಸ್ತಿಗಳನ್ನು ಬಾಚಿಕೊಂಡ ಕಂಪನಿಯೊಂದು ಹೀಗೆ ಶೆಡ್ಡಿನಿಂದ ಎದ್ದು ಬಂದಿತು.

ಗುಜರಿಯಿಂದ ಗ್ಯಾರೇಜಿಗೆ

ನಮ್ಮಲ್ಲಿ ಇಂದು ಹಳೆಯ ಮಾದರಿಯ ಸ್ಪೀಡ್‌ಸ್ಟರ್ ಕಟ್ಟಲು ಹೊರಡುವವನು ಮೊದಲು ಹುಡುಕಬೇಕಾದದ್ದು ಎಂಜಿನ್ ಅಲ್ಲ, ಚಾಸಿ. ಇದನ್ನು ಸ್ವಲ್ಪ ವಿವರಿಸಬೇಕು. ಟಿ ಮಾದರಿಯಂಥ ಹಳೆಯ ಕಾರುಗಳಲ್ಲಿ ಭಾರ ಹೊರುವುದೆಲ್ಲ ಎರಡು ತೊಲೆಗಳ ಚೌಕಟ್ಟು. ಬಾಡಿ ಎಂಬುದು ಅದರ ಮೇಲೆ ಕೂರಿಸಿದ ಪೆಟ್ಟಿಗೆ, ಕಳಚಿದರೂ ಗಾಡಿ ಓಡುತ್ತದೆ. ಮಾರುತಿ 800ರಲ್ಲಾಗಲಿ ಅಂಬಾಸಿಡರ್‌ನಲ್ಲಾಗಲಿ ಅಂಥ ಬೇರೆ ಚೌಕಟ್ಟಿಲ್ಲ. ಅಲ್ಲಿ ನೆಲ, ಕಂಬ, ಚಾವಣಿಗಳ ತಗಡೇ ಒಂದಕ್ಕೊಂದು ಬೆಸೆದು ಭಾರ ಹೊರುತ್ತದೆ. ಚಾವಣಿ ಕತ್ತರಿಸಿದರೆ ನಡು ಕುಸಿಯುತ್ತದೆ. ಆದ್ದರಿಂದ ಬಲ್ಲವರು ಹಳೆಯ ಜೀಪ್, ಮಾರುತಿ ಜಿಪ್ಸಿ, ಸಿಕ್ಕರೆ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ಇವುಗಳ ಬೆನ್ನು ಹತ್ತುತ್ತಾರೆ. ಇವಕ್ಕೆ ಪ್ರತ್ಯೇಕ ಚೌಕಟ್ಟುಂಟು. ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಬಿಚ್ಚಿದ ಹಳೆಯ ಎಂಜಿನ್, ಆಕ್ಸಲ್‌ಗಳಿಗೆ ಶಿವಾಜಿನಗರದ ಗುಜರಿ ಅಂಗಡಿಗಳು ಇದ್ದೇ ಇವೆ.

ಚೌಕಟ್ಟು ಬಂದ ಮೇಲೆ ಮೊದಲ ಪರೀಕ್ಷೆ ದಾರದ್ದು. ಎಡ ಮುಂದಿನ ಮೂಲೆಯಿಂದ ಬಲ ಹಿಂದಿನ ಮೂಲೆಗೆ, ಬಲ ಮುಂದಿನ ಮೂಲೆಯಿಂದ ಎಡ ಹಿಂದಿನ ಮೂಲೆಗೆ ದಾರ ಹಿಡಿದು ಅಳೆಯುತ್ತಾರೆ. ಎರಡೂ ಸಮವಿದ್ದರೆ ಚೌಕಟ್ಟು ನೆಟ್ಟಗಿದೆ. ಇಲ್ಲದಿದ್ದರೆ ಆ ಗಾಡಿ ಎಂದೋ ಯಾರಿಗೋ ಗುದ್ದಿದೆ ಎಂದು ಅರ್ಥ, ಹಾಗೆಯೇ ಕಟ್ಟಿದರೆ ಜೀವಮಾನವಿಡೀ ಒಂದು ಬದಿಗೆ ಎಳೆಯುತ್ತದೆ. ಮನೆಗೆ ಪಾಯ ಹಾಕುವ ಮೇಸ್ತ್ರಿ ಮಾಡುವುದೂ ಇದನ್ನೇ.

ಆಮೇಲೆ ಗಾಡಿಯನ್ನು ತಗ್ಗಿಸುವ ಕೆಲಸ. ಮೆಕ್ಯಾನಿಕ್‌ಗಳು ಕಮಾನು ಎಂದು ಕರೆಯುವ ಪಟ್ಟಿಗಳ ಕಟ್ಟು ಆಕ್ಸಲ್ ಮೇಲಿದ್ದರೆ ಅದನ್ನು ಕೆಳಕ್ಕೆ ತರುತ್ತಾರೆ. ಚೌಕಟ್ಟು ನೆಲಕ್ಕೆ ಹತ್ತಿರವಾಗುತ್ತದೆ, ತಿರುವಿನಲ್ಲಿ ಮಗುಚುವ ಭಯ ಕಡಿಮೆಯಾಗುತ್ತದೆ. ಆಸನ ತಗ್ಗಿದಂತೆಲ್ಲ ಸ್ಟೀರಿಂಗ್ ದಂಡವೂ ಮಲಗಬೇಕು. ಹಾಗೆ ಮಲಗಿಸುವಾಗ ಕೀಲುಗಳ ಲೆಕ್ಕ ತಪ್ಪಿದರೆ, ಒಂದು ಚಕ್ರ ಗುಂಡಿಗೆ ಇಳಿದಾಗಲೆಲ್ಲ ಸ್ಟೀರಿಂಗ್ ತಾನಾಗಿಯೇ ತಿರುಗುತ್ತದೆ. ಹವ್ಯಾಸಿಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಪೆಟ್ರೋಲಿನದೂ ಒಂದು ಸ್ವಾರಸ್ಯವಿದೆ. ಟಿ ಮಾದರಿಯಲ್ಲಿ ಪೆಟ್ರೋಲ್ ಪಂಪ್ ಇರಲಿಲ್ಲ. ಆಸನದ ಕೆಳಗಿನ ಟ್ಯಾಂಕಿನಿಂದ ಕಾರ್ಬೊರೇಟರಿಗೆ ಅದು ನಲ್ಲಿಯ ನೀರಿನಂತೆ ತಾನಾಗಿ ಹರಿದು ಬರುತ್ತಿತ್ತು. ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ ಹರಿವು ನಿಲ್ಲುವುದು, ಎಂಜಿನ್ ಆಫ್. ಅದಕ್ಕಾಗಿ ಜನ ಗಾಡಿ ತಿರುಗಿಸಿ ಹಿಮ್ಮುಖವಾಗಿ ಬೆಟ್ಟ ಹತ್ತುತ್ತಿದ್ದರು. ನಂದಿ ಬೆಟ್ಟದ ತಿರುವುಗಳನ್ನು ಹಿಂದಕ್ಕೆ ನೋಡುತ್ತ ಹತ್ತುವುದನ್ನು ಊಹಿಸಿಕೊಳ್ಳಿ! ಸ್ಪೀಡ್‌ಸ್ಟರ್‌ನ ಬೆನ್ನಿಗಿರುವ ಡ್ರಮ್ಮನ್ನು ಕೊಂಚ ಎತ್ತರಕ್ಕೆ ಕೂರಿಸಿದ್ದು ಚಂದಕ್ಕಲ್ಲ, ಈ ಕಾರಣಕ್ಕೆ. ಇಂದು ಕೆಲವು ನೂರು ರೂಪಾಯಿಯ ವಿದ್ಯುತ್ ಪಂಪ್ ಈ ಸಮಸ್ಯೆಯನ್ನು ತೀರಿಸುತ್ತದೆ, ಆದರೂ ಡ್ರಮ್ ಮಾತ್ರ ಅಲ್ಲೇ ಉಳಿದಿದೆ.

ಚಕ್ರದ ವಿಷಯದಲ್ಲಿ ಆಸೆಗೆ ಬಿದ್ದು ಕೆಡುವವರುಂಟು. ಕಡ್ಡಿಗಾಲಿಯಿಲ್ಲದೆ ಹಳೆಯ ಕಾರಿನ ಕಳೆ ಬರುವುದಿಲ್ಲವೆಂದು ಬುಲೆಟ್ ಮೋಟಾರ್ ಸೈಕಲಿನ ಗಾಲಿ ಜೋಡಿಸುತ್ತಾರೆ. ಮೋಟಾರ್ ಸೈಕಲ್ ತಿರುವಿನಲ್ಲಿ ತಾನೇ ವಾಲುತ್ತದೆ, ಹಾಗಾಗಿ ಅದರ ಕಡ್ಡಿಗಳ ಮೇಲೆ ಅಡ್ಡ ಒತ್ತಡ ಬೀಳುವುದು ಕಡಿಮೆ. ಕಾರು ವಾಲಲಾರದು. ತಿರುವಿನ ಒತ್ತಡವೆಲ್ಲ ಪಕ್ಕದಿಂದ ಬಿದ್ದು ಗಾಲಿ ಸೊಟ್ಟಗಾಗುತ್ತದೆ. ಕಾರಿನ ಕಡ್ಡಿಗಾಲಿಯ ಗುಂಭ ಅಗಲ, ಕಡ್ಡಿಗಳ ಸಾಲೂ ಹೆಚ್ಚು. ಬ್ರೇಕಿನಲ್ಲಂತೂ ಹಳೆಯದನ್ನು ಅನುಕರಿಸಲೇಬಾರದು. ಟಿ ಮಾದರಿಯ ಮುಂದಿನ ಚಕ್ರಗಳಿಗೆ ಬ್ರೇಕೇ ಇರಲಿಲ್ಲ.

ತಗಡಿನ ಕೆಲಸವೇ ಇಡೀ ಗಾಡಿಯ ಸೊಬಗು. ಇದಕ್ಕೆ ದೊಡ್ಡ ಯಂತ್ರ ಬೇಡ. ಮರಳು ತುಂಬಿದ ಚರ್ಮದ ಚೀಲ, ಮರದ ಕೊಡತಿ, ದುಂಡು ತಲೆಯ ಸುತ್ತಿಗೆ, ಸಹನೆ, ಇಷ್ಟು ಸಾಕು. ತಗಡನ್ನು ಚೀಲದ ಮೇಲಿಟ್ಟು ತಟ್ಟುತ್ತ ಹೋದರೆ ನಡುವೆ ಹಿಗ್ಗಿ ಬಟ್ಟಲಾಗುತ್ತದೆ. ಅಂಚನ್ನು ಕುಗ್ಗಿಸಿದರೆ ಒಳಕ್ಕೆ ಬಾಗುತ್ತದೆ. ಚಪ್ಪಟೆ ತಾಮ್ರದ ಹಾಳೆಯಿಂದ ಹಂಡೆ ಎಬ್ಬಿಸುವ ಪಾತ್ರೆ ಕಸುಬಿನವರು ತಲೆಮಾರುಗಳಿಂದ ಮಾಡಿಕೊಂಡು ಬಂದಿರುವುದು ಇದೇ ವಿದ್ಯೆ. ಟಿಂಕರಿಂಗ್ ಶಾಪಿನಲ್ಲಿ ನುಗ್ಗಾದ ಮಡ್‌ಗಾರ್ಡ್ ತಟ್ಟುವವನಿಗೂ ಇದು ಗೊತ್ತು. ಆದರೆ ಈಗಿನ ಸರ್ವಿಸ್ ಸೆಂಟರುಗಳು ತಟ್ಟುವುದನ್ನೇ ಬಿಟ್ಟು ಇಡೀ ಭಾಗವನ್ನೇ ಬದಲಿಸುತ್ತವೆ. ಉಳಿದ ನೆಗ್ಗನ್ನು ಪುಟ್ಟಿ ಮುಚ್ಚುತ್ತದೆ.

ಬರದೇ ಹೋದ ಕಾರ್ಖಾನೆ

ಹೀಗೆ ಕಸುಬು ಇದ್ದ ಊರಿಗೆ ಕಾರಿನ ಕಾರ್ಖಾನೆ ಬರಬೇಕೆಂದು ಮೊದಲು ಹಟ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯ. ನಂದಿ ಬೆಟ್ಟದ ಮಗ್ಗುಲಿನ ಮುದ್ದೇನಹಳ್ಳಿಯವರು. ಕನ್ನಂಬಾಡಿ, ಭದ್ರಾವತಿಗಳ ಮಾತಿನಲ್ಲಿ ಅವರ ಈ ಯತ್ನ ಮರೆಯಾಗಿಬಿಟ್ಟಿದೆ. ದಿವಾನಗಿರಿ ಬಿಟ್ಟು ಹದಿನೇಳು ವರ್ಷಗಳಾಗಿ, ವಯಸ್ಸು ಎಪ್ಪತ್ತು ದಾಟಿದ್ದಾಗ, 1935ರಲ್ಲಿ ಅವರು ಯುರೋಪು ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದರು. ಭಾರತದಲ್ಲಿ ಆಗ ಕಾರು ತಯಾರಾಗುತ್ತಿರಲಿಲ್ಲ. ಜನರಲ್ ಮೋಟಾರ್ಸ್ 1928ರಿಂದ ಮುಂಬಯಿಯಲ್ಲಿ ಹಡಗಿನಲ್ಲಿ ಬಂದ ಭಾಗಗಳನ್ನು ಜೋಡಿಸಿ ಮಾರುತ್ತಿತ್ತು, ಫೋರ್ಡ್ ಕಂಪನಿಯೂ ಇಲ್ಲಿ ನೆಲೆಯೂರಿತ್ತು. ಜೋಡಿಸುವುದಲ್ಲ, ಮಾಡಬೇಕು ಎಂಬುದು ವಿಶ್ವೇಶ್ವರಯ್ಯನವರ ವಾದ. ಉದ್ಯಮಿ ವಾಲಚಂದ್ ಹೀರಾಚಂದ್ ಅವರ ಜತೆಗೂಡಿದರು. ಮೊದಲು ಮುಂಬಯಿ ಸರ್ಕಾರದ ನೆರವಿಗೆ ಪ್ರಯತ್ನ ನಡೆಯಿತು. ಅಲ್ಲಿ ಕೂಡಿಬರದಾಗ ಮೈಸೂರು ಸಂಸ್ಥಾನದತ್ತ ತಿರುಗಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಒಲವು ತೋರಿದರು. ಆದರೆ ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ, ಯುದ್ಧದ ನೆಪವೂ ಸೇರಿಕೊಂಡಿತು.

ಮುಂದೆ ಆದದ್ದು ವಿಚಿತ್ರ. ಕಾರಿಗೆ ಬೇಡವೆಂದ ಸರ್ಕಾರಕ್ಕೆ ಯುದ್ಧಕಾಲದಲ್ಲಿ ವಿಮಾನ ಬೇಕಾಯಿತು. ಅದೇ ವಾಲಚಂದ್, ಅಮೆರಿಕದ ವಿಲಿಯಂ ಪಾಲಿ ಮತ್ತು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಇಂದಿನ ಎಚ್‌ಎಎಲ್ ಅದೇ. ವಾಲಚಂದ್ ಅವರ ಕಾರು ಕಂಪನಿ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಫಿಯಟ್, ಪದ್ಮಿನಿಗಳು ಅಲ್ಲಿಂದ ಬಂದವು. ಬೆಂಗಳೂರಿಗೆ ಕಾರು ತಪ್ಪಿತು, ವಿಮಾನ ದಕ್ಕಿತು. ಯುದ್ಧ ಮುಗಿದು ವಿಮಾನದ ಕೆಲಸ ಕಡಿಮೆಯಾದಾಗ ಎಚ್‌ಎಎಲ್ ಬಸ್ಸಿನ ಬಾಡಿಗಳನ್ನೂ ರೈಲಿನ ಬೋಗಿಗಳನ್ನೂ ಮಾಡಿತು. ವಿಮಾನದ ತಗಡು ಬಾಗಿಸಿದ ಕೈಗಳೇ ಬಸ್ಸಿನ ತಗಡನ್ನೂ ಬಾಗಿಸಿದವು. ನಷ್ಟವೋ ಲಾಭವೋ ಹೇಳುವುದು ಕಷ್ಟ, ಆದರೆ ತಗಡಿನ ವಿದ್ಯೆ ಊರಿನಲ್ಲಿ ಬೇರುಬಿಟ್ಟದ್ದರಲ್ಲಿ ಇದಕ್ಕೆ ಪಾಲಿದೆ.

ಸ್ವಾತಂತ್ರ್ಯ ಬಂದ ಮೇಲೆ ಪರದೇಶಿ ಸರ್ಕಾರದ ಅಡ್ಡಿ ಹೋಯಿತು, ಲೈಸೆನ್ಸಿನ ಅಡ್ಡಿ ಬಂತು. 1951ರ ಕೈಗಾರಿಕಾ ಕಾಯಿದೆಯಡಿ ಯಾರು ಏನನ್ನು ಎಷ್ಟು ತಯಾರಿಸಬೇಕೆಂಬುದನ್ನು ದೆಹಲಿ ತೀರ್ಮಾನಿಸತೊಡಗಿತು. ಈ ಕಾಲದ ಒಬ್ಬ ಕಾರುಗಾರ ನಮ್ಮ ಗಡಿಯ ಪಕ್ಕದವರೇ. ನಿಪ್ಪಾಣಿ, ಚಿಕ್ಕೋಡಿಗಳಿಂದ ಬಹಳ ದೂರವಿಲ್ಲದ, ದೊಡ್ಡಬಳ್ಳಾಪುರದಂತೆಯೇ ಮಗ್ಗದ ಸದ್ದಿನ ಊರಾದ ಇಚಲಕರಂಜಿಯ ಶಂಕರರಾವ್ ಕುಲಕರ್ಣಿ. ಹೆಚ್ಚು ಓದಿದವರಲ್ಲ. 1940ರ ದಶಕದಲ್ಲಿ ಅವರು ಕೈಯಾರೆ ಎರಡು ಆಸನದ ಒಂದು ಕಾರು ಕಟ್ಟಿದರು. ಅದನ್ನು ತಿದ್ದುತ್ತ ತಿದ್ದುತ್ತ 1970ರ ಹೊತ್ತಿಗೆ ‘ಮೀರಾ’ ಎಂಬ ಪುಟ್ಟ ಕಾರನ್ನು ಸಿದ್ಧಗೊಳಿಸಿದರು. ಹಿಂದೆ ಗಾಳಿಯಿಂದ ತಣಿಯುವ ಎಂಜಿನ್, ಕಮಾನಿನ ಬದಲಿಗೆ ರಬ್ಬರು, ಬೆಲೆ ಸುಮಾರು 12,000 ರೂಪಾಯಿ ಎಂಬ ಅಂದಾಜು. ಮಗ್ಗ ರಿಪೇರಿ ಮಾಡುವ ಊರುಗಳಲ್ಲಿ ಲೇತ್ ಕೆಲಸಗಾರರಿಗೆ ಬರವಿಲ್ಲ. ಬೇಕಾದ ಗೇರು, ಕೀಲುಗಳನ್ನು ಅಲ್ಲಿಯೇ ತಿರುವಿ ತೆಗೆಯಬಹುದು. ದೊಡ್ಡಬಳ್ಳಾಪುರದ ಮಗ್ಗದ ಮೆಕ್ಯಾನಿಕ್‌ಗಳನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ಮೀರಾ ಮಾತ್ರ ಕಾರ್ಖಾನೆಯ ಹಂತಕ್ಕೆ ಏರಲೇ ಇಲ್ಲ. ಕೈಬೆರಳೆಣಿಕೆಯ ಗಾಡಿಗಳಲ್ಲೇ ಮುಗಿಯಿತು.

ಬೆಂಗಳೂರಿನಲ್ಲಿ ಒಂದು ಸಾಹಸ ಇನ್ನೂ ಕೊಂಚ ದೂರ ಸಾಗಿತು. 1970ರ ದಶಕದಲ್ಲಿ ಸನ್‌ರೈಸ್ ಎಂಬ ಕಂಪನಿ, ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂದಾಯಿತು, ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ಮಾರುಕಟ್ಟೆಗೆ ತಂದಿತು. ಹಿಂದೆ ಸ್ಕೂಟರ್ ಗಾತ್ರದ ಎಂಜಿನ್, ಮೈಯೆಲ್ಲ ಫೈಬರ್ ಗ್ಲಾಸ್. 1982ರಲ್ಲಿ ಅದೇ ಕಂಪನಿಯಿಂದ ಡಾಲ್ಫಿನ್ ಬಂತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ‘ಕಿಟನ್’ ಕಾರೇ ಅದರ ಮೂಲ: ಕಬ್ಬಿಣದ ಚೌಕಟ್ಟಿನ ಮೇಲೆ ಫೈಬರ್ ಬಾಡಿ, 848 ಸಿಸಿ ಎಂಜಿನ್. ಹಗುರವಾಗಿದ್ದರಿಂದ ರ‍್ಯಾಲಿ ಓಡಿಸುವವರಿಗೆ ಅಚ್ಚುಮೆಚ್ಚಾಯಿತು.

ಫೈಬರ್ ಗ್ಲಾಸನ್ನೇ ಏಕೆ ಹಿಡಿದರು ಎಂಬುದರಲ್ಲಿ ಸಣ್ಣ ತಯಾರಕರ ಪಾಡೆಲ್ಲ ಅಡಗಿದೆ. ತಗಡನ್ನು ಒಂದೇ ಏಟಿಗೆ ಬಾಗಿಲಾಗಿ, ಬಾನೆಟ್ಟಾಗಿ ಒತ್ತಬೇಕಾದರೆ ಭಾರೀ ಪ್ರೆಸ್ಸೂ ಉಕ್ಕಿನ ಅಚ್ಚುಗಳೂ ಬೇಕು. ಲಕ್ಷಗಟ್ಟಲೆ ಕಾರು ಮಾರಿದರಷ್ಟೇ ಆ ಅಚ್ಚಿನ ಖರ್ಚು ಹುಟ್ಟುತ್ತದೆ. ಫೈಬರಿಗಾದರೆ ಮರದಲ್ಲೋ ಪ್ಲಾಸ್ಟರಿನಲ್ಲೋ ಒಂದು ಮಾದರಿ ಮಾಡಿ, ಅದರಿಂದ ಅಚ್ಚು ತೆಗೆದು, ಗಾಜಿನ ನಾರಿನ ಚಾಪೆಯ ಮೇಲೆ ರಾಳವನ್ನು ಬ್ರಷ್ಷಿನಿಂದ ಹಚ್ಚುತ್ತ ಹೋದರಾಯಿತು. ನಿಧಾನ, ಆದರೆ ಅಗ್ಗ. ನೂರು ಕಾರಿಗೂ ಸರಿ, ಒಂದಕ್ಕೂ ಸರಿ. ಇಂದಿಗೂ ಶೆಡ್ಡಿನಲ್ಲಿ ಕಾರು ಕಟ್ಟುವ ಅನೇಕರು ತಗಡಿನ ಕಸುಬುದಾರ ಸಿಗದಿದ್ದರೆ ಇದನ್ನೇ ಆಶ್ರಯಿಸುತ್ತಾರೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಬೆಲೆ 47,500 ರೂಪಾಯಿ. ಸರ್ಕಾರದ ಬೆಂಬಲ, ಸುಜುಕಿಯ ತಂತ್ರಜ್ಞಾನ, ಉಕ್ಕಿನ ಅಚ್ಚು ಎಲ್ಲವೂ ಅದರ ಬೆನ್ನಿಗಿದ್ದವು. ಡಾಲ್ಫಿನ್ ಅದರೆದುರು ನಿಲ್ಲಲಾರದೆ ಹೋಯಿತು. ಬಳಿಕ ನಾಲ್ಕು ಬಾಗಿಲಿನ ಮೊಂಟಾನಾ ಬಂದರೂ ಗತಿ ಬದಲಾಗಲಿಲ್ಲ. 1998ರಲ್ಲಿ ಬೆಂಗಳೂರಿನದೇ ಸ್ಯಾನ್ ಎಂಜಿನಿಯರಿಂಗ್ ಬಳಗ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಆಸನದ ತೆರೆದ ಕಾರನ್ನು ಹೊರತಂದಿತು. ಫ್ರೆಂಚ್ ವಿನ್ಯಾಸ, ರೆನೊ ಎಂಜಿನ್, ಮೈ ಮತ್ತೆ ಫೈಬರಿನದೇ. ಕಂಪನಿಯೊಂದು ನಮ್ಮವರ ಕೈಗೆ ಕೊಟ್ಟ ಸ್ಪೀಡ್‌ಸ್ಟರ್ ಎನ್ನುವುದಾದರೆ ಅದನ್ನೇ ಎನ್ನಬೇಕು. ಕೊಂಡವರು ಮಾತ್ರ ಕಡಿಮೆ.

ವಿಶ್ವೇಶ್ವರಯ್ಯನವರು ಕನಸಿದ ಬಗೆಯ ದೊಡ್ಡ ಕಾರ್ಖಾನೆ ಕೊನೆಗೂ ಬಂದದ್ದು ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ. ಹೊಸಕೋಟೆಯಲ್ಲಿ 1998ರಲ್ಲಿ ವೋಲ್ವೊ ಲಾರಿ, 1999ರ ಕೊನೆಯಲ್ಲಿ ಬಿಡದಿಯಲ್ಲಿ ಟೊಯೊಟಾ. ಬಿಡದಿ ಆಗ ಇದೇ ಜಿಲ್ಲೆಯಲ್ಲಿತ್ತು, 2007ರಲ್ಲಿ ರಾಮನಗರ ಬೇರೆಯಾದಾಗ ಅತ್ತ ಸೇರಿತು. ಕಾರು ಬಂತು ನಿಜ, ಆದರೆ ವಿನ್ಯಾಸ ಬಂದದ್ದು ಸ್ವೀಡನ್, ಜಪಾನುಗಳಿಂದ.

ಹಳತೂ ಅಲ್ಲ, ಹೊಸತೂ ಅಲ್ಲ

ಈಗ ಗೇಟಿನ ಬಳಿ ನಿಂತ ನಮ್ಮ ಸ್ಪೀಡ್‌ಸ್ಟರ್ ಕಡೆಗೆ ಬರೋಣ. ಅದಕ್ಕೆ ನಂಬರು ಪಡೆಯಲು ಮೂರು ದಾರಿಗಳನ್ನು ಯೋಚಿಸಬಹುದು. ಮೂರೂ ಮುಚ್ಚಿವೆ.

ಹಳೆಯ ಜೀಪಿನ ಚಾಸಿಗೆ ಹೊಸ ಬಾಡಿ ಹಾಕಿದ್ದೇವೆ, ಜೀಪಿನ ನಂಬರೇ ಇರಲಿ ಎನ್ನುವುದು ಮೊದಲನೆಯದು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಇದಕ್ಕೆ ಅಡ್ಡ ಬರುತ್ತದೆ. ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಎಂದು ಗೊತ್ತುಮಾಡಿತು. ಎರಡೂ ಆಗಬಹುದು.

ಎರಡನೆಯದು ವಿಂಟೇಜ್ ಎಂಬ ದಾರಿ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಇದಕ್ಕೆಂದೇ ನಿಯಮ ಮಾಡಿ, ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳನ್ನು ಸೇರಿಸಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಜತೆಗೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ನಮ್ಮ ಸ್ಪೀಡ್‌ಸ್ಟರ್ ನೋಡಲು ನೂರು ವರ್ಷದ ಮುದುಕ, ಹುಟ್ಟಿದ್ದು ಮೊನ್ನೆ. 1920ರ ದಶಕದಲ್ಲಿ ಅಮೆರಿಕದ ಹುಡುಗ ಮಾಡಿದ ಅಸಲು ಸ್ಪೀಡ್‌ಸ್ಟರ್ ಕೂಡ ಈ ನಿಯಮದ ಮುಂದೆ ಕಕ್ಕಾಬಿಕ್ಕಿಯಾದೀತು. ಮೂಲರೂಪವನ್ನು ಕೆಡಿಸಿದ್ದೇ ಅದರ ಹೆಗ್ಗಳಿಕೆಯಲ್ಲವೇ?

ಮೂರನೆಯದು ಹೊಸ ಕಾರೆಂದೇ ನೋಂದಾಯಿಸುವುದು. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ತಯಾರಕ ತನ್ನ ಮಾದರಿಯನ್ನು ಪುಣೆಯ ಎಆರ್‌ಎಐನಂಥ ಮಾನ್ಯ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಬೇಕು. ಹೊಗೆ, ಬ್ರೇಕು, ದೀಪ, ಸೀಟ್ ಬೆಲ್ಟ್ ಎಲ್ಲ ಸರಿ. 2017ರಿಂದ ಹೊಸ ಮಾದರಿಯ ಕಾರುಗಳನ್ನು ಗೋಡೆಗೆ ಗುದ್ದಿಸಿಯೂ ನೋಡುತ್ತಾರೆ. ಸಾವಿರಗಟ್ಟಲೆ ತಯಾರಿಸುವ ಕಂಪನಿಗೆ ಒಂದೆರಡು ಕಾರು ಪುಡಿಯಾದರೆ ಲೆಕ್ಕವಿಲ್ಲ. ಮೂರು ವರ್ಷ ಭಾನುವಾರಗಳನ್ನು ಸುರಿದು ಒಂದೇ ಕಾರು ಕಟ್ಟಿದವನು ಅದನ್ನು ಗೋಡೆಗೆ ಗುದ್ದಿಸಿ ಪಾಸು ಮಾಡಿಸಿಕೊಂಡರೆ ಮನೆಗೆ ತರುವುದೇನನ್ನು?

ಕಾಯಿದೆಯನ್ನು ಬರೀ ಹಳಿಯುವುದೂ ತಪ್ಪು. ಮೇಲೆ ಹೇಳಿದ ಸ್ಟೀರಿಂಗ್ ಕೀಲು, ಮೋಟಾರ್ ಸೈಕಲ್ ಗಾಲಿಗಳ ತಪ್ಪು ಹೆದ್ದಾರಿಯಲ್ಲಿ ನಡೆದರೆ ಸಾಯುವವನು ಕಾರು ಕಟ್ಟಿದವನೊಬ್ಬನೇ ಆಗಿರುವುದಿಲ್ಲ. ಆದರೆ ಬ್ರಿಟನ್ನಿನಲ್ಲಿ ಈ ಗಂಟನ್ನು ಬೇರೆ ರೀತಿ ಬಿಡಿಸಿದ್ದಾರೆ. ಅಲ್ಲಿ ಹವ್ಯಾಸಿ ಕಟ್ಟಿದ ಒಂಟಿ ಕಾರನ್ನು ಸರ್ಕಾರಿ ಪರೀಕ್ಷಕನೇ ಬಿಡಿಬಿಡಿಯಾಗಿ ನೋಡುತ್ತಾನೆ. ಬ್ರೇಕು ಅಳೆಯುತ್ತಾನೆ, ಬೆಸುಗೆ ನೋಡುತ್ತಾನೆ, ಚೂಪು ಅಂಚುಗಳಿಗೆ ಕೈಯಾಡಿಸುತ್ತಾನೆ. ಪಾಸಾದರೆ ನಂಬರು. ಭಾಗಗಳ ವಯಸ್ಸು ಗೊತ್ತಾಗದಿದ್ದರೆ ‘ಕ್ಯೂ’ ಅಕ್ಷರದಿಂದ ಶುರುವಾಗುವ ನಂಬರು, ನೋಡಿದವರಿಗೆಲ್ಲ ಇದು ಕಟ್ಟಿದ ಗಾಡಿ ಎಂದು ತಿಳಿಯಲಿ ಎಂದು. ಪ್ರಾದೇಶಿಕ ಸಾರಿಗೆ ಕಚೇರಿಗಳಿಗೆ ಇಂಥ ಒಂದು ಪರೀಕ್ಷೆ ಅಸಾಧ್ಯವೇನಲ್ಲ.

ಸದ್ಯಕ್ಕೆ ಇಂಥ ಗಾಡಿಗಳಿಗೆ ಉಳಿದಿರುವುದು ಖಾಸಗಿ ಜಮೀನು ಮತ್ತು ರೇಸ್ ಟ್ರ್ಯಾಕು. ಮದರಾಸಿನ ಬಳಿಯ ಶೋಲಾವರಂನಲ್ಲಿ, ಯುದ್ಧಕಾಲದ ವಿಮಾನಪಟ್ಟಿಯ ಮೇಲೆ, ಫಿಯಟ್ಟು ಹೆರಾಲ್ಡುಗಳನ್ನು ಬಿಚ್ಚಿ ಕಟ್ಟಿದ ಗಾಡಿಗಳು ಹಿಂದೆ ಓಡುತ್ತಿದ್ದವು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಲ್ಲಿ ಕಟ್ಟಿದ ‘ಅಶ್ವ’ ತಂಡ ಒಂಟಿ ಆಸನದ ತೆರೆದ ಕಾರುಗಳನ್ನು ನಿರ್ಮಿಸಿ ಪರದೇಶದ ಸ್ಪರ್ಧೆಗಳಿಗೂ ಕೊಂಡೊಯ್ದಿದೆ. ನಂಬರಿಲ್ಲದ ಇಂಥ ಗಾಡಿ ಟ್ರ್ಯಾಕಿನವರೆಗೆ ಹೋಗಬೇಕಾದದ್ದು ಬೇರೆ ವಾಹನದ ಮೇಲೆ ಕುಳಿತೇ.

2021ರ ಕೊನೆಯಲ್ಲಿ ನೆರೆಯ ಸಾಂಗ್ಲಿ ಜಿಲ್ಲೆಯ ಕಮ್ಮಾರರೊಬ್ಬರ ಸುದ್ದಿ ದೇಶವೆಲ್ಲ ಹರಡಿತು. ಹಳೆಯ ವಾಹನಗಳ ಗುಜರಿ ಭಾಗಗಳಿಂದ ಅವರು ಮಗನಿಗಾಗಿ ಜೀಪಿನಂಥ ಪುಟ್ಟ ಗಾಡಿ ಮಾಡಿದ್ದರು. ಸ್ಕೂಟರಿನಂತೆ ಒದ್ದು ಸ್ಟಾರ್ಟ್ ಮಾಡಬೇಕು. ಖರ್ಚು ಸುಮಾರು 60,000 ರೂಪಾಯಿ. ಉದ್ಯಮಿ ಆನಂದ್ ಮಹೀಂದ್ರಾ ಅದನ್ನು ನೋಡಿ ಮೆಚ್ಚಿದರು. ಜತೆಗೇ, ಇದು ನಿಯಮಗಳಿಗೆ ಹೊಂದದ್ದರಿಂದ ಅಧಿಕಾರಿಗಳು ಇಂದಲ್ಲ ನಾಳೆ ತಡೆಯುತ್ತಾರೆ, ಬದಲಿಗೆ ಒಂದು ಬೊಲೆರೊ ಕೊಡುತ್ತೇನೆ ಎಂದರು. ಕುಟುಂಬದವರು ಮೊದಲು ಹಿಂಜರಿದರು, ಕೈಯಾರೆ ಮಾಡಿದ್ದನ್ನು ಕೊಡಲು ಮನಸ್ಸಿರಲಿಲ್ಲ. 2022ರ ಜನವರಿಯಲ್ಲಿ ವಿನಿಮಯ ನಡೆಯಿತು. ಬೊಲೆರೊ ಕಮ್ಮಾರರ ಮನೆಗೆ ಬಂತು. ಅವರು ಕಟ್ಟಿದ ಗಾಡಿ ಮಹೀಂದ್ರಾ ಕಂಪನಿಯ ಪಾಲಾಯಿತು.